ಪಾಕಿಸ್ತಾನದ ಬೇಡಿಕೆ ಮತ್ತು ದಕ್ಷಿಣ ಕನ್ನಡದ ಮುಸ್ಲಿಮರು

ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮುಸ್ಲಿಂ ಲೀಗ್ ಮುಂದಿಟ್ಟ ಪ್ರತ್ಯೇಕ ರಾಷ್ಟ್ರದ ಬೇಡಿಕೆಗೆ, ಆ ರಾಷ್ಟ್ರದ ಎಲ್ಲೆಯೊಳಗೆ ಎಂದೂ ಸೇರುವಂತಿರದ ಪಶ್ಚಿಮ ಕರಾವಳಿಯ ಮುಸ್ಲಿಮರಿಂದಲೂ ಮತ ಬಿತ್ತು. ಇಂದಿನ ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೇರಿ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. 1901ರ ಜನಗಣತಿಯಂತೆ ಜಿಲ್ಲೆಯ 11,34,713 ಜನರಲ್ಲಿ ಮುಸ್ಲಿಮರು 1,26,853, ಅಂದರೆ ಶೇಕಡಾ 11ರಷ್ಟು. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯ ನಂದಿಕೂರಿನಿಂದ ಲಾಹೋರಿಗೆ ನೇರ ಗೆರೆ ಎಳೆದರೂ ಎರಡು ಸಾವಿರ ಕಿಲೋಮೀಟರಿಗೆ ಮಿಗುತ್ತದೆ. ಇಷ್ಟು ದೂರದವರು ಲೀಗಿಗೆ ಕೊಟ್ಟ ಮತ ಊರು ಬಿಟ್ಟು ಹೋಗುವ ಇಚ್ಛೆಯಿಂದ ಹುಟ್ಟಿದ್ದಲ್ಲ, ತಮ್ಮ ಪ್ರಾಂತ್ಯದಲ್ಲೇ ತಮಗೊಂದು ದನಿ ಬೇಕೆಂಬ ಕಾಳಜಿಯಿಂದ ಹುಟ್ಟಿದ್ದು ಎಂಬುದೇ ಆ ಕಾಲದ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಸರಿಯೆನಿಸುವ ತೀರ್ಮಾನ.

ಈ ಕಾಳಜಿಗೆ ಆಕಾರ ಕೊಟ್ಟದ್ದು ಪ್ರತ್ಯೇಕ ಮತದಾನದ ಪದ್ಧತಿ. 1906ರ ಅಕ್ಟೋಬರಿನಲ್ಲಿ ಆಗಾ ಖಾನರ ನೇತೃತ್ವದ ಮುಸ್ಲಿಂ ನಿಯೋಗ ಶಿಮ್ಲಾದಲ್ಲಿ ವೈಸರಾಯ್ ಮಿಂಟೋ ಮುಂದೆ ಇದನ್ನು ಕೇಳಿತು. ಡಿಸೆಂಬರಿನಲ್ಲಿ ಢಾಕಾದಲ್ಲಿ ಲೀಗ್ ಹುಟ್ಟಿತು. 1909ರ ಕಾಯಿದೆ ಕೇಳಿದ್ದನ್ನು ಕೊಟ್ಟಿತು. ಅಲ್ಲಿಂದ ಮುಂದೆ ಮುಸ್ಲಿಂ ಸ್ಥಾನಕ್ಕೆ ಮುಸ್ಲಿಮರೇ ನಿಲ್ಲಬೇಕು, ಮುಸ್ಲಿಮರೇ ಮತ ಹಾಕಬೇಕು. ಕೇಂದ್ರ ಶಾಸನಸಭೆಗೆ ನಮ್ಮ ಜಿಲ್ಲೆಯ ಮುಸ್ಲಿಮರು ಮಲಬಾರಿನವರೊಂದಿಗೆ 'ಪಶ್ಚಿಮ ಕರಾವಳಿ ಮತ್ತು ನೀಲಗಿರಿ' ಎಂಬ ಒಂದೇ ಮುಸ್ಲಿಂ ಕ್ಷೇತ್ರದಲ್ಲಿದ್ದರು. ಪಕ್ಕದ ಮನೆಯ ಮೊಗವೀರನೋ ಬಂಟನೋ ಹಾಕುವ ಮತಕ್ಕೂ ಕರಾವಳಿಯ ಮುಸ್ಲಿಮನಾದ ಬ್ಯಾರಿಯ ಮತಕ್ಕೂ ಸಂಬಂಧವೇ ಇರಲಿಲ್ಲ. ಬ್ಯಾರಿಯ ಮತ ನೂರಾರು ಮೈಲು ದೂರದ ಮಲಬಾರಿನ ಮುಸ್ಲಿಮನಾದ ಮಾಪಿಳ್ಳೆಯ ಮತದೊಂದಿಗೆ ಎಣಿಕೆಯಾಗುತ್ತಿತ್ತು. ಸಂತೆಯಲ್ಲಿ ಒಂದಾಗಿದ್ದವರನ್ನು ಮತಪೆಟ್ಟಿಗೆ ಬೇರೆ ಮಾಡಿತು. ವಿಭಜನೆಯ ಚರಿತ್ರೆ ಬರೆಯುವವರು ಲೀಗಿನ ನಾಯಕ ಜಿನ್ನಾ ಭಾಷಣಗಳಿಗೆ ಕೊಡುವಷ್ಟು ಗಮನವನ್ನು ಈ ವ್ಯವಸ್ಥೆಗೆ ಕೊಡುವುದಿಲ್ಲ ಎಂಬುದು ನಿಜಕ್ಕೂ ದೊಡ್ಡ ಕೊರತೆ.

ಒಂದಾಗಿದ್ದರು ಎಂದದ್ದು ಬರೀ ಉತ್ಸಾಹದ ಮಾತಲ್ಲ. ನಂದಿಕೂರಿಗೆ ಹತ್ತಿರದ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಹುಟ್ಟಿನ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಇದ್ದಾನೆ; ಅವನ ಮನೆತನಕ್ಕೆ ಅಲ್ಲಿ ಇಂದಿಗೂ ಪ್ರಸಾದದ ಗೌರವ ಸಲ್ಲುತ್ತದೆ. 1920ರ ಆಗಸ್ಟ್ 19ರಂದು ಗಾಂಧೀಜಿ ಶೌಕತ್ ಅಲಿಯವರೊಂದಿಗೆ ಮಂಗಳೂರಿಗೆ ಬಂದು ಖಿಲಾಫತ್ ಮತ್ತು ಅಸಹಕಾರವನ್ನು ಒಂದೇ ವೇದಿಕೆಯಿಂದ ಸಾರಿದ್ದರು. ಭಾಷೆಯ ವಿಚಾರವೂ ಇದೆ. ಲೀಗ್ ಉರ್ದುವನ್ನು ಮುಸ್ಲಿಂ ರಾಷ್ಟ್ರೀಯತೆಯ ಗುರುತಾಗಿ ಎತ್ತಿ ಹಿಡಿಯಿತು. ಉಡುಪಿ, ಕಾರ್ಕಳ ಕಡೆ ಉರ್ದು ಮನೆಮಾತಿನವರು ಇದ್ದಾರೆ ನಿಜ. ಆದರೆ ಕರಾವಳಿಯ ದೊಡ್ಡ ಸಮುದಾಯವಾದ ಬ್ಯಾರಿಗಳ ಮನೆಮಾತು ಬ್ಯಾರಿ, ಪೇಟೆಯ ಮಾತು ತುಳು, ಶಾಲೆಯ ಮಾತು ಕನ್ನಡ. ಉತ್ತರದ ಲೀಗಿನ ಸಾಂಸ್ಕೃತಿಕ ಕನಸು ಇವರ ಅಡುಗೆಮನೆಯವರೆಗೆ ಬರುವಂಥದ್ದಾಗಿರಲಿಲ್ಲ.

ಹಾಗಾದರೆ 1946ರ ಚುನಾವಣೆಯ ಫಲಿತಾಂಶಕ್ಕೆ ಏನು ಹೇಳುವುದು? ಇದು ಬಲವಾದ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. 1940ರ ಮಾರ್ಚಿನಲ್ಲಿ ಪ್ರತ್ಯೇಕ ರಾಷ್ಟ್ರದ ಬೇಡಿಕೆಯ ಲಾಹೋರ್ ನಿರ್ಣಯ ಬಂತು. 1941ರ ಏಪ್ರಿಲ್‌ನಲ್ಲಿ ಲೀಗಿನ ಅಧಿವೇಶನ ಮದರಾಸಿನಲ್ಲೇ ಸೇರಿ, ಪಾಕಿಸ್ತಾನದ ಗುರಿಯನ್ನು ಪಕ್ಷದ ಧ್ಯೇಯೋದ್ದೇಶಗಳಿಗೆ ಸೇರಿಸಿತು. 1937ರಲ್ಲಿ ಪ್ರಾಂತ್ಯದ ಮುಸ್ಲಿಂ ಸ್ಥಾನಗಳ ಅರ್ಧವನ್ನೂ ಮುಟ್ಟದಿದ್ದ ಲೀಗ್ 1946ರಲ್ಲಿ ಅವನ್ನು ಗುಡಿಸಿಕೊಂಡು ಹೋಯಿತು. ಚುನಾವಣೆ ಪಾಕಿಸ್ತಾನದ ಮೇಲಿನ ಜನಮತವೆಂದು ಲೀಗ್ ಬಹಿರಂಗವಾಗಿಯೇ ಸಾರಿತ್ತು. ಮತ ಹಾಕಿದವರಿಗೆ ಅದು ಗೊತ್ತಿತ್ತು. ಆ ಮತಗಳು ಜಿನ್ನಾ ಕೈಯನ್ನು ಬಲಪಡಿಸಿದವು ಎಂಬುದನ್ನು ಒಪ್ಪಲೇಬೇಕು. ಆದರೆ ಮತದ ಫಲ ಬೇರೆ, ಮತ ಹಾಕಿದವರ ಉದ್ದೇಶ ಬೇರೆ. ಆಸ್ತಿ, ತೆರಿಗೆ, ಓದು ಇದ್ದವರಿಗಷ್ಟೇ ಆಗ ಮತಾಧಿಕಾರ. ಗದ್ದೆಯ ಗೇಣಿದಾರ, ಬೀಡಿ ಕಟ್ಟುವ ಹೆಂಗಸು, ದೋಣಿಯ ಕೂಲಿ ಇವರಲ್ಲಿ ಬಹುಪಾಲು ಜನರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಪ್ರಾಂತ್ಯದ ಜನಸಂಖ್ಯೆಯಲ್ಲಿ ಶೇಕಡಾ 8ರಷ್ಟಿದ್ದ ಸಮುದಾಯಕ್ಕೆ ಕಾಂಗ್ರೆಸ್ಸಿನ ದೊಡ್ಡ ಬಹುಮತದ ಎದುರು ಚೌಕಾಸಿ ಮಾಡಲು ಒಂದೇ ಗಟ್ಟಿ ಪಕ್ಷ ಬೇಕಿತ್ತು. ಉತ್ತರದಲ್ಲಿ ಪಾಕಿಸ್ತಾನವಾದರೆ ಅಲ್ಲಿನ ಹಿಂದೂ, ಸಿಖ್ಖರ ಕಾರಣದಿಂದ ಇಲ್ಲಿ ತಮಗೂ ರಕ್ಷಣೆ ಸಿಗುತ್ತದೆ ಎಂಬ ಲೀಗಿನ ಮಾತನ್ನೂ ಹಲವರು ನಂಬಿದರು. 1947ರ ರಕ್ತಪಾತದಲ್ಲಿ ಆ ಲೆಕ್ಕಾಚಾರ ಕೊಚ್ಚಿಹೋಯಿತು.

ಉದ್ದೇಶ ಏನಿತ್ತೆಂಬುದಕ್ಕೆ ಅತಿ ದೊಡ್ಡ ಸಾಕ್ಷಿ ಆಮೇಲಿನ ನಡೆ. ನಾಯಕರಲ್ಲಿ ಕೆಲವರು ಹೋದರು: ಪಶ್ಚಿಮ ಕರಾವಳಿ ಕ್ಷೇತ್ರದಿಂದ ಕೇಂದ್ರ ಸಭೆಗೆ ಗೆದ್ದಿದ್ದ ಅಬ್ದುಲ್ ಸತ್ತಾರ್ ಸೇಠ್ ಪಾಕಿಸ್ತಾನದ ರಾಯಭಾರಿಯಾದರು. ಕರಾವಳಿಯ ಸಾಮಾನ್ಯ ಜನ ಗುಳೆ ಏಳಲಿಲ್ಲ. ಮದರಾಸು ಲೀಗಿನ ಎಂ. ಮುಹಮ್ಮದ್ ಇಸ್ಮಾಯಿಲ್ ಮತ್ತು ಬಿ. ಪೋಕರ್ ಭಾರತದ ಸಂವಿಧಾನ ಸಭೆಯಲ್ಲಿ ಕುಳಿತು ವಾದಿಸಿದರು. 1947ರ ಆಗಸ್ಟ್ ಕೊನೆಯಲ್ಲಿ ಪೋಕರ್ ಕೇಳಿದ್ದು ಅದೇ ಹಳೆಯ ಪ್ರತ್ಯೇಕ ಮತದಾನ. ಸರ್ದಾರ್ ಪಟೇಲರು ಖಡಾಖಂಡಿತವಾಗಿ ನಿರಾಕರಿಸಿದರು. ಪಟೇಲರ ನಿರಾಕರಣೆ ಸರಿಯಾಗಿಯೇ ಇತ್ತು, ಆ ಪದ್ಧತಿ ಮಾಡಿದ ಹಾನಿ ಕಣ್ಣೆದುರಿಗಿತ್ತು. ಆದರೂ ದೇಶ ಒಡೆದ ಮೇಲೆಯೂ ಮದರಾಸಿನ ಲೀಗಿಗರು ದೆಹಲಿಯಲ್ಲಿ ಕೇಳಿದ್ದು ಸಭೆಯಲ್ಲಿ ಸ್ಥಾನವನ್ನು, ಬೇರೆ ನೆಲವನ್ನಲ್ಲ ಎಂಬುದು ಇಲ್ಲಿ ಮುಖ್ಯ. 1948ರ ಮಾರ್ಚ್ 10ರಂದು ಇಸ್ಮಾಯಿಲ್ ಅಧ್ಯಕ್ಷತೆಯಲ್ಲಿ ಮದರಾಸಿನಲ್ಲಿ ಇಂಡಿಯನ್ ಯೂನಿಯನ್ ಮುಸ್ಲಿಂ ಲೀಗ್ ಹುಟ್ಟಿತು. ಮುಂದೆ ಅವರು ಮಂಜೇರಿಯಿಂದ ಲೋಕಸಭೆಗೆ ಆಯ್ಕೆಯಾದರು.

ಸಂವಿಧಾನದ 325ನೆಯ ವಿಧಿ ಪ್ರತಿ ಕ್ಷೇತ್ರಕ್ಕೂ ಒಂದೇ ಸಾಮಾನ್ಯ ಮತದಾರರ ಪಟ್ಟಿ ಇರಬೇಕೆಂದು ವಿಧಿಸಿತು. ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡ (ಉತ್ತರ) ಕ್ಷೇತ್ರದ ಬ್ಯಾರಿ, ಬಂಟ, ಬಿಲ್ಲವ, ಮೊಗವೀರರ ಹೆಸರುಗಳೆಲ್ಲ ಅದೇ ಪಟ್ಟಿಯಲ್ಲಿದ್ದವು. ಅವರ ಮತದಿಂದ ಯು. ಶ್ರೀನಿವಾಸ ಮಲ್ಯರು ಲೋಕಸಭೆಗೆ ಹೋದರು.