ವಿದ್ಯಾರ್ಥಿವೇತನಕ್ಕೆ ಅರ್ಹರಾರು? ರಾಯಚೂರು ದೋಆಬಿನ ಚರಿತ್ರೆಯಿಂದ ಒಂದು ವಿಚಾರ

ಪ್ರೌಢಶಾಲೆಯ ಕಡೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗೆ ಮುಂದಿನ ವ್ಯಾಸಂಗಕ್ಕಾಗಿ ರಾಜ್ಯವು ದ್ರವ್ಯಸಹಾಯ ಮಾಡಬೇಕಾದರೆ, ಅವನ ಬುದ್ಧಿಯನ್ನೂ ಬಡತನವನ್ನೂ ವಿಚಾರಿಸುವುದಕ್ಕೆ ಮೊದಲು, ಅವನು ಎಲ್ಲಿಯವನೆಂದು ಕೇಳುವುದು ಈಗ ರೂಢಿಯಾಗಿದೆ. ಈ ಪ್ರಶ್ನೆಯು ಬಹು ಪುರಾತನವಾದುದೆಂದು ತೋರಬಹುದು, ವಾಸ್ತವದಲ್ಲಿ ಹಾಗಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನಲ್ಲಿ, ಅದರಲ್ಲಿಯೂ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ತಾಲ್ಲೂಕುಗಳಲ್ಲಿ, ಇದು ಬೆಳೆದು ಬಂದ ಬಗೆಯನ್ನು ಸ್ಪಷ್ಟವಾಗಿ ಕಾಣಬಹುದು. ಏಕೆಂದರೆ ಇಲ್ಲಿ ಜನರೂ ಹೊರಗಿನಿಂದ ಬಂದು ನೆಲೆಸಿದರು, ನೆಲವೂ ಒಡೆಯರನ್ನು ಬದಲಾಯಿಸುತ್ತ ಬಂದಿತು.

ಕನ್ನಡನಾಡಿನ ಶಾಸನಗಳಲ್ಲಿ ವಿದ್ಯಾದಾನದ ಉಲ್ಲೇಖಗಳಿಗೆ ಕೊರತೆಯಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಸಾಲೋಟಗಿಯಲ್ಲಿ ಕಟ್ಟಿಸಿದ ವಿದ್ಯಾಶಾಲೆಗೆ ಕ್ರಿ. ಶ. ೯೪೫ರಲ್ಲಿ ದತ್ತಿಗಳು ದೊರೆತುವು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ ಅಲ್ಲಿ ೨೭ ಮನೆಗಳಿದ್ದುವು. ಚಾಲುಕ್ಯ ಮೊದಲನೆಯ ಸೋಮೇಶ್ವರನ ಕಾಲದ, ಕ್ರಿ. ಶ. ೧೦೫೮ರ ನಾಗಾವಿಯ ಶಾಸನವು ಇನ್ನೂ ವಿವರವಾದುದು: ವೇದಾಧ್ಯಯನ ಮಾಡುವವರು ೨೦೦ ಮಂದಿ, ಶಾಸ್ತ್ರಾಧ್ಯಯನ ಮಾಡುವವರು ೫೨ ಮಂದಿ, ಉಪಾಧ್ಯಾಯರಲ್ಲದೆ ಗ್ರಂಥಗಳನ್ನು ಕಾಯುವ ಸರಸ್ವತೀಭಾಂಡಾರಿಗರು ೬ ಮಂದಿ. ಇಲ್ಲಿ ಅರ್ಹತೆಯನ್ನು ಗೊತ್ತುಮಾಡುವುದು ಓದುವ ವಿಷಯವೇ ಹೊರತು ಹುಟ್ಟಿದ ಊರಲ್ಲ. ಹಾಗೆಂದು ಆ ಕಾಲವನ್ನು ಉದಾರವಾದುದೆಂದು ಕೊಂಡಾಡುವುದೂ ಸಲ್ಲದು. ವೇದಶಾಸ್ತ್ರಗಳ ಬಾಗಿಲು ಯಾವ ವರ್ಣದವರಿಗೆ ತೆರೆದಿತ್ತೆಂಬುದನ್ನು ಶಾಸನವು ಹೇಳಬೇಕಾಗಿರಲಿಲ್ಲ. ಹೇಳದೆಯೇ ಎಲ್ಲರಿಗೂ ತಿಳಿದಿತ್ತು. ದೂರದ ಜನಪದದವನಿಗೆ ದೊರೆತ ಅನ್ನವಸತಿಯು ನೆರೆಯ ಕೇರಿಯವನಿಗೆ ದೊರೆಯುವ ಸಂಭವವಿರಲಿಲ್ಲ.

ದೋಆಬಿನ ಆಡಳಿತದ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ೧೮೫೩ರ ಒಪ್ಪಂದದಂತೆ ನಿಜಾಮರು ಈ ಪ್ರದೇಶವನ್ನು ಕಂಪೆನಿಯ ಆಡಳಿತಕ್ಕೆ ಒಪ್ಪಿಸಿದರು. ೧೮೬೦ರಲ್ಲಿ ಅದು ಹಿಂದಿರುಗಿತು. ಲಿಂಗಸುಗೂರು ಆ ಬಳಿಕ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದು, ೧೯೦೫ರಲ್ಲಿ ಆ ಜಿಲ್ಲೆಯು ರದ್ದಾದಾಗ ಸಿಂಧನೂರಿನೊಡನೆ ರಾಯಚೂರಿಗೆ ಸೇರಿತು. ಅಶೋಕನ ಹೆಸರನ್ನೇ ಹೇಳುವ ಶಾಸನವು ೧೯೧೫ರಲ್ಲಿ ದೊರೆತುದರಿಂದ ವಿದ್ವಾಂಸರಿಗೆಲ್ಲ ಪರಿಚಿತವಾದ ಮಸ್ಕಿಯು ಬಹುಕಾಲ ಲಿಂಗಸುಗೂರು ತಾಲ್ಲೂಕಿನ ಒಂದು ಊರಾಗಿದ್ದು, ಈಚೆಗೆ, ೨೦೧೮ರಲ್ಲಿ, ತಾನೇ ತಾಲ್ಲೂಕಾಯಿತು.

ನಿಜಾಮರ ರಾಜ್ಯದಲ್ಲಿ ಮೊದಮೊದಲು ಉನ್ನತ ವ್ಯಾಸಂಗದ ಸಹಾಯವು ನಿಯಮಕ್ಕಿಂತ ಹೆಚ್ಚಾಗಿ ಪ್ರಭುವಿನ ಪ್ರಸಾದವನ್ನೇ ಅವಲಂಬಿಸಿತ್ತು. ಇದಕ್ಕೆ ಪ್ರಸಿದ್ಧ ನಿದರ್ಶನವೆಂದರೆ ಸರೋಜಿನಿ ಚಟ್ಟೋಪಾಧ್ಯಾಯರದು. ಬಾಲ್ಯದಲ್ಲಿಯೇ ಮದರಾಸಿನ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಈಕೆ, ಮುಂದೆ ಸರೋಜಿನಿ ನಾಯಿಡು ಎಂದು ಖ್ಯಾತರಾದವರು, ೧೮೯೫ರಲ್ಲಿ ಆರನೆಯ ನಿಜಾಮರ ವೇತನದಿಂದ ಇಂಗ್ಲೆಂಡಿಗೆ ಹೋದರು. ಈಕೆಯ ತಂದೆ ಅಘೋರನಾಥರು ಬಂಗಾಳದಿಂದ ಹೈದರಾಬಾದಿಗೆ ಬಂದು ಕಾಲೇಜನ್ನು ಕಟ್ಟಿದವರು. ಹೊರಗಿನಿಂದ ಬಂದ ಕುಟುಂಬದ ಮಗಳೆಂಬುದು ಆಗ ಅಡ್ಡಿಯಾಗಲಿಲ್ಲ.

ಆದರೆ ಹೊರಗಿನಿಂದ ಬಂದವರು ಸರ್ಕಾರದ ಹುದ್ದೆಗಳನ್ನೆಲ್ಲ ಆಕ್ರಮಿಸುತ್ತಿರುವರೆಂಬ ಅಸಮಾಧಾನವು ರಾಜ್ಯದಲ್ಲಿ ಬೆಳೆಯುತ್ತಿದ್ದಿತು. ಅದರ ಫಲವೇ ೧೯೧೯ರ ಮುಲ್ಕಿ ನಿಯಮಗಳು. ಹುಟ್ಟಿನಿಂದ ರಾಜ್ಯದ ಪ್ರಜೆಯಾದವನು ಮುಲ್ಕಿ; ಹುಟ್ಟಿದಾಗ ತಂದೆಗೆ ೧೫ ವರ್ಷದ ಸರ್ಕಾರಿ ಸೇವೆಯಾಗಿದ್ದರೆ ಅವನೂ ಮುಲ್ಕಿ; ೧೫ ವರ್ಷ ಖಾಯಂ ವಾಸವಿದ್ದು, ಹಿಂದಿನ ಊರಿಗೆ ಮರಳುವ ಸಂಕಲ್ಪವನ್ನು ಬಿಟ್ಟೆನೆಂದು ನ್ಯಾಯಾಧಿಕಾರಿಯ ಮುಂದೆ ಪ್ರಮಾಣಪತ್ರ ಮಾಡಿಕೊಟ್ಟವನೂ ಮುಲ್ಕಿ. ಈ ನಿಯಮಗಳು ಉದ್ಯೋಗಕ್ಕೆ ಸಂಬಂಧಿಸಿದುವು, ವ್ಯಾಸಂಗಕ್ಕಲ್ಲ ಎಂಬುದು ನಿಜ. ಆದರೂ 'ವಿದ್ಯಾರ್ಥಿವೇತನ'ವೆಂಬ ಮಾತಿನಲ್ಲಿಯೇ ವೇತನವು ಹುದುಗಿಕೊಂಡಿರುವುದನ್ನು ಗಮನಿಸಬೇಕು. ಹಿಂದೆ ದಾನವಾಗಿದ್ದುದು ಈಗ ಮುಂದಣ ಸೇವೆಯ ಮುಂಗಡದಂತಾಗಿ, ಉದ್ಯೋಗದ ಅಳತೆಗೋಲು ವ್ಯಾಸಂಗಕ್ಕೂ ಬಂದಿತು. ಅದೇ ೧೯೧೯ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪಾಠಗಳು ಉರ್ದುವಿನಲ್ಲಿ ಆರಂಭವಾದುವು. ಲಿಂಗಸುಗೂರಿನ ಕನ್ನಡದ ಹುಡುಗನು ಹುಟ್ಟಿನಿಂದ ಮುಲ್ಕಿಯಾಗಿದ್ದರೂ, ಉರ್ದು ಬಾರದಿದ್ದರೆ ಆ ಹಕ್ಕಿನಿಂದ ಅವನಿಗಾದ ಲಾಭವು ಅಲ್ಪವೇ.

೧೯೫೬ರಲ್ಲಿ ಭಾಷಾವಾರು ಪ್ರಾಂತಗಳಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೂ, ಉಳಿದುವು ಮೈಸೂರಿಗೂ ಸೇರಿದುವು. ಮರುವರ್ಷದ ಪಾರ್ಲಿಮೆಂಟಿನ ಕಾಯಿದೆಯು ಉದ್ಯೋಗಕ್ಕೆ ವಾಸದ ನಿರ್ಬಂಧವನ್ನು ತೊಡೆದುಹಾಕಿ, ತೆಲಂಗಾಣಕ್ಕೂ ಬೇರೆ ಮೂರು ಪ್ರದೇಶಗಳಿಗೂ ಮಾತ್ರ ಕೆಲವು ಕಾಲ ವಿನಾಯಿತಿಯನ್ನು ಕೊಟ್ಟಿತು. ಹೀಗೆ ಒಂದೇ ಜಿಲ್ಲೆಯಲ್ಲಿದ್ದ ಗದ್ವಾಲದವನಿಗೆ ಉಳಿದ ರಕ್ಷಣೆಯು ಸಿಂಧನೂರಿನವನಿಗೆ ತಪ್ಪಿತು. ಆ ಬಳಿಕ ಮುಲ್ಕಿ ನಿಯಮಗಳ ವಿಷಯವಾಗಿ ತೆಲಂಗಾಣದಲ್ಲಿ ನಡೆದ ಹೋರಾಟವೂ, ೧೯೭೨ರ ಸುಪ್ರೀಂ ಕೋರ್ಟಿನ ತೀರ್ಪೂ, ೧೯೭೩ರಲ್ಲಿ ಆದ ರದ್ದತಿಯೂ ಸುಪ್ರಸಿದ್ಧವಾಗಿವೆ. ರಾಯಚೂರಿಗೆ ಆದ ನಷ್ಟವನ್ನು ಕುರಿತು ಅಷ್ಟು ಮಾತು ನಡೆಯಲಿಲ್ಲ.

ಇಲ್ಲಿ ಸಂವಿಧಾನದ ಒಂದು ಸೂಕ್ಷ್ಮವನ್ನು ವಿಚಾರಿಸುವುದು ಅವಶ್ಯಕ. ೧೫ನೆಯ ವಿಧಿಯು ಜನ್ಮಸ್ಥಳದ ಕಾರಣದಿಂದ ಪ್ರಜೆಗಳಲ್ಲಿ ಭೇದವೆಣಿಸುವುದನ್ನು ನಿಷೇಧಿಸುತ್ತದೆ. ವಾಸಸ್ಥಳದ ಮಾತನ್ನು ಅದು ಆಡುವುದಿಲ್ಲ. ಇಂದೂರಿನ ವೈದ್ಯಕೀಯ ಕಾಲೇಜಿನ ಶುಲ್ಕವನ್ನು ಕುರಿತ ಡಿ. ಪಿ. ಜೋಶಿಯವರ ಮೊಕದ್ದಮೆಯಲ್ಲಿ, ೧೯೫೫ರಲ್ಲಿ, ಸುಪ್ರೀಂ ಕೋರ್ಟು ಇದನ್ನೇ ಹಿಡಿದು ಜನ್ಮ ಬೇರೆ, ವಾಸ ಬೇರೆ ಎಂದು ಬಹುಮತದಿಂದ ತೀರ್ಮಾನಿಸಿತು. ಆದುದರಿಂದ ರಾಜ್ಯವು ತನ್ನಲ್ಲಿ ವಾಸಿಸುವವರಿಗೆ ವಿದ್ಯಾಸೌಲಭ್ಯಗಳನ್ನು ಮೀಸಲಿಡಬಹುದು. ತನ್ನಲ್ಲಿ ಹುಟ್ಟಿದವರಿಗೆಂದೇ ಮೀಸಲಿಡಲಾಗದು. ೨೦೧೩ರ ೩೭೧-ಜೆ ವಿಧಿಯು ಈ ನಿಷೇಧದಿಂದ ಹೈದರಾಬಾದು ಕರ್ನಾಟಕವನ್ನು ಬಿಡಿಸಿತು. ಆ ಪ್ರದೇಶಕ್ಕೆ 'ಜನ್ಮದಿಂದ ಅಥವಾ ವಾಸದಿಂದ' ಸೇರಿದವರಿಗೆ ಆಸನಗಳನ್ನು ಕಾದಿರಿಸುವ ಅಧಿಕಾರವು ದೊರೆತು, ಪ್ರದೇಶದೊಳಗಿನ ವಿದ್ಯಾಸಂಸ್ಥೆಗಳಲ್ಲಿ ಶೇಕಡ ೭೦, ರಾಜ್ಯದ ಮಟ್ಟದ ಸಂಸ್ಥೆಗಳಲ್ಲಿ ಶೇಕಡ ೮ ಎಂದು ನಿಗದಿಯಾಯಿತು. ಹಳೆಯ ಮುಲ್ಕಿಯ ಎರಡು ಕವಲುಗಳೂ, ಹುಟ್ಟು ಮತ್ತು ವಾಸ, ಇದರಲ್ಲಿ ಮರಳಿ ಕಾಣಿಸಿಕೊಂಡಿವೆ. ಇದಕ್ಕೆ ಬೇಕಾದ ಪ್ರಮಾಣಪತ್ರಕ್ಕಾಗಿ ಸಿಂಧನೂರು, ಮಸ್ಕಿಗಳ ವಿದ್ಯಾರ್ಥಿಗಳು ಲಿಂಗಸುಗೂರಿನ ಉಪವಿಭಾಗಾಧಿಕಾರಿಯ ಕಚೇರಿಗೆ ಹೋಗಬೇಕು. ಜಿಲ್ಲೆಯ ಪದವಿಯನ್ನು ಕಳೆದುಕೊಂಡ ಊರಿಗೆ ಇಷ್ಟರಮಟ್ಟಿನ ಹಳೆಯ ಅಧಿಕಾರವು ಉಳಿದಿದೆ.

ಈಗ ಸಿಂಧನೂರಿನ ಶಿಬಿರಗಳ ವಿಷಯ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದ ಬಳಿಕ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ೧೯೭೦ರ ಸುಮಾರಿನಲ್ಲಿ ಪೂರ್ವಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ಇಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿತು. ಇವರಲ್ಲಿ ಅನೇಕರು ನಾಮಶೂದ್ರರು. ಇವರ ಮಕ್ಕಳೂ ಮೊಮ್ಮಕ್ಕಳೂ ಹುಟ್ಟಿದುದು ಸಿಂಧನೂರಿನಲ್ಲಿ. ೩೭೧-ಜೆ ವಿಧಿಯ ದೃಷ್ಟಿಯಿಂದ ಅವರು ನಿಸ್ಸಂದೇಹವಾಗಿ ಸ್ಥಳೀಯರು. ೨೦೨೧ರಲ್ಲಿ ರಾಜ್ಯವು ಆರಂಭಿಸಿದ ರೈತ ವಿದ್ಯಾನಿಧಿಯಲ್ಲಿ ಜಾತಿಯ ಪ್ರಶ್ನೆಯಿಲ್ಲ, ತಂದೆತಾಯಿಗಳ ಬೇಸಾಯದ್ದು ಮಾತ್ರ. ಭೂಮಿಯುಳ್ಳ ಶಿಬಿರದ ಕುಟುಂಬಗಳಿಗೆ ಅಲ್ಲಿಯೂ ತಡೆಯಿಲ್ಲ. ತಡೆಯಿರುವುದು ೧೯೪೪ರಲ್ಲಿ ಭಾರತ ಸರ್ಕಾರವು ಪ್ರಾರಂಭಿಸಿದ, ಪರಿಶಿಷ್ಟ ಜಾತಿಗಳ ಮೆಟ್ರಿಕೋತ್ತರ ವೇತನದಲ್ಲಿ. ವಿದ್ಯಾರ್ಥಿಯು ಯಾವ ರಾಜ್ಯದಲ್ಲಿ ಖಾಯಂ ನೆಲೆಸಿರುವನೋ ಆ ರಾಜ್ಯಕ್ಕೆ ಸಂಬಂಧಿಸಿದ ಪಟ್ಟಿಯಲ್ಲಿ ಅವನ ಜಾತಿಯಿರಬೇಕೆಂಬುದು ಅದರ ನಿಯಮ. ನಾಮಶೂದ್ರರ ಹೆಸರು ಪಶ್ಚಿಮ ಬಂಗಾಳದ ಪಟ್ಟಿಯಲ್ಲಿದೆ. ಕರ್ನಾಟಕದ ೧೦೧ ಜಾತಿಗಳ ಪಟ್ಟಿಯಲ್ಲಿಲ್ಲ. ಒಂದು ರಾಜ್ಯದಲ್ಲಿ ದೊರೆತ ಈ ಸ್ಥಾನವು ವಲಸೆ ಹೋದವನೊಡನೆ ಮತ್ತೊಂದು ರಾಜ್ಯಕ್ಕೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ೧೯೯೦ರಲ್ಲಿ, ಮರ್ರಿ ಚಂದ್ರಶೇಖರ ರಾವ್ ಅವರ ಮೊಕದ್ದಮೆಯಲ್ಲಿ, ಹೇಳಿದೆ. ಜಾತಿಯ ಅನಾನುಕೂಲತೆಯು ಸ್ಥಳವನ್ನು ಅನುಸರಿಸಿ ಬೇರೆಯಾಗುವುದೆಂಬ ಅದರ ತರ್ಕದಲ್ಲಿ ಸಾರವಿದೆ. ಆದರೆ ತನ್ನ ಇಚ್ಛೆಯಿಂದ ಊರು ಬಿಟ್ಟವನನ್ನೂ, ಸರ್ಕಾರವೇ ತಂದು ನೆಲೆಗೊಳಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯುಕ್ತವಲ್ಲ.

ಹೀಗಾಗಿ ಶಿಬಿರದ ಹುಡುಗಿಯೊಬ್ಬಳು ಕಾಲೇಜಿಗೆ ಸೇರುವಾಗ ಲಿಂಗಸುಗೂರಿನ ಕಚೇರಿಯಲ್ಲಿ ಸ್ಥಳೀಯಳೆಂದು ಎನಿಸಿಕೊಂಡು, ತಹಸೀಲ್ದಾರರ ಕಚೇರಿಯಲ್ಲಿ ಜಾತಿಯ ಪ್ರಮಾಣಪತ್ರವಿಲ್ಲದೆ ಹಿಂದಿರುಗಬೇಕಾಗುತ್ತದೆ. ಪಟ್ಟಿಗೆ ಹೆಸರೊಂದನ್ನು ಸೇರಿಸುವ ಅಧಿಕಾರವು, ೩೪೧ನೆಯ ವಿಧಿಯ ಎರಡನೆಯ ಖಂಡದ ಮೇರೆಗೆ, ಪಾರ್ಲಿಮೆಂಟಿಗೆ ಮಾತ್ರ ಸೇರಿದುದು. ತಹಸೀಲ್ದಾರರಿಗಾಗಲಿ, ಬೆಂಗಳೂರಿನ ಸಚಿವಾಲಯಕ್ಕಾಗಲಿ, ನ್ಯಾಯಾಲಯಕ್ಕಾಗಲಿ ಅದಿಲ್ಲ.