ರಾಣಿಗೆ ಇಡೀ ಸಿನಿಮಾ, ಓಬವ್ವಳಿಗೆ ಒಂದು ಹಾಡು

ನಮ್ಮೂರು ಅರಿಶಿನಕುಂಟೆಯ ಮಗ್ಗುಲಲ್ಲೇ ಹಾದುಹೋಗುವ ಹೆದ್ದಾರಿ ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗ ಮುಟ್ಟುತ್ತದೆ. ಆದರೆ ನನಗೆ ದುರ್ಗ ಗೊತ್ತಾದದ್ದು ರಸ್ತೆಯಿಂದಲ್ಲ, ಟಿ.ವಿ.ಯಲ್ಲಿ ಬಂದ ‘ನಾಗರಹಾವು’ ಚಿತ್ರದಿಂದ. ಓಬವ್ವ ಒನಕೆ ಎತ್ತಿದಾಗ ಅಜ್ಜಿ ಉಣ್ಣುತ್ತಿದ್ದ ತಟ್ಟೆ ಕೆಳಗಿಟ್ಟು, ‘ಅವ್ಳು ನಮ್ಮೋಳು ಕಣವ್ವ’ ಅಂದಿದ್ದಳು. ನಮ್ಮೋಳು ಅಂದ್ರೆ ಯಾರು? ಸಿನಿಮಾ ಅದನ್ನು ಹೇಳಲಿಲ್ಲ.

ಪುಟ್ಟಣ್ಣ ಕಣಗಾಲರ ಈ ಚಿತ್ರ ಬಂದದ್ದು 1972ರಲ್ಲಿ, ತ.ರಾ.ಸು. ಕಾದಂಬರಿಗಳನ್ನು ಆಧರಿಸಿ. ಅದು ಯುದ್ಧದ ಚಿತ್ರವೇನಲ್ಲ. ರಾಮಾಚಾರಿ ಎಂಬ ಬ್ರಾಹ್ಮಣ ಹುಡುಗನ ಸಿಟ್ಟು, ಪ್ರೇಮಗಳ ಕತೆ. ನಡುವೆ ಒಂದು ಹಾಡಿನಷ್ಟು ಹೊತ್ತು ಹೈದರಾಲಿಯ ಮುತ್ತಿಗೆ ಬಂದುಹೋಗುತ್ತದೆ. ಚಿ. ಉದಯಶಂಕರ್ ಬರೆದು, ವಿಜಯಭಾಸ್ಕರ್ ರಾಗ ಹಾಕಿ, ಪಿ.ಬಿ. ಶ್ರೀನಿವಾಸ್ ಹಾಡಿದ ಆ ಹಾಡಿನಲ್ಲಿ ಜಯಂತಿ ಓಬವ್ವನಾಗಿದ್ದಾರೆ. ಅದಕ್ಕೂ ಹನ್ನೊಂದು ವರ್ಷ ಹಿಂದೆ, 1961ರಲ್ಲಿ, ಬಿ.ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ತೆಗೆದಾಗ ಬಿ. ಸರೋಜಾದೇವಿಯವರ ರಾಣಿಗೆ ಇಡೀ ಸಿನಿಮಾ ಸಿಕ್ಕಿತ್ತು: ಅರಮನೆ, ಗಂಡ, ಸವತಿ, ದತ್ತು, ಎಲ್ಲವೂ.

‘ನಾಗರಹಾವು’ ಜಾತಿ ಗೊತ್ತಿಲ್ಲದ ಚಿತ್ರವೂ ಅಲ್ಲ. ರಾಮಾಚಾರಿಯ ಮನೆಯ ಮಡಿ, ಮಾರ್ಗರೆಟ್‌ಳ ಧರ್ಮ ಇವಿಲ್ಲದೆ ಕತೆ ಒಂದು ಹೆಜ್ಜೆ ಮುಂದೆ ಹೋಗದು. ಓಬವ್ವನ ಸರದಿ ಬಂದಾಗ ಮಾತ್ರ ಆಕೆ ಬರೀ ಕನ್ನಡತಿ! ಜನರ ಬಾಯಲ್ಲಿ ಉಳಿದುಬಂದ ಕತೆಯಲ್ಲಿ ಆಕೆ ಛಲವಾದಿಯರ ಹೆಣ್ಣು, ಕಾವಲಿನ ಕಹಳೆ ಮುದ್ದಹನುಮನ ಹೆಂಡತಿ. ಮೆರವಣಿಗೆಗಳ ಮುಂದೆ ಗಂಟೆ-ಬಟ್ಟಲು ಹಿಡಿದು ನಡೆದ, ಮೆರವಣಿಗೆ ಮುಗಿದ ಮೇಲೆ ಊರಾಚೆಯ ಕೇರಿಗೆ ಮರಳಿದ ಜನ ಅವರು.

ನೀರಿನ ವಿಚಾರಕ್ಕೇ ಬನ್ನಿ. ಗಂಡ ಊಟಕ್ಕೆ ಬಂದಿದ್ದಾನೆ, ಈಕೆ ಕೊಡ ಹಿಡಿದು ನೀರಿಗೆ ಹೋಗುತ್ತಾಳೆ, ಕಿಂಡಿಯಲ್ಲಿ ವೈರಿಗಳು ನುಸುಳುವ ಸಪ್ಪಳ ಕೇಳುವುದು ಆಗಲೇ. ಕೋಟೆಯೊಳಗೆ ಅಕ್ಕ-ತಂಗಿಯರ ಹೊಂಡವಿದೆ, ಗೋಪಾಲಸ್ವಾಮಿ ಹೊಂಡವಿದೆ. ಮಳೆನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಹಿಡಿಯುವ ಏರ್ಪಾಟಿಗೆ ಆ ದುರ್ಗ ಹೆಸರುವಾಸಿ. ಅವುಗಳಲ್ಲಿ ಯಾರ್ಯಾರು ಕೊಡ ಅದ್ದಬಹುದಿತ್ತು? ಹೊಲಗೇರಿಯ ಹೆಣ್ಣು ಕೋಟೆಗೋಡೆಯ ಅಂಚಿನ ನೀರಿಗೇ ಯಾಕೆ ಹೋದಳು? 1927ರ ಮಹಾಡ್ ಕೆರೆಯ ಹೋರಾಟ ಓದಿದವರಿಗೆ ಈ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಪುಟ್ಟಣ್ಣನವರ ಕ್ಯಾಮೆರಾಕ್ಕೆ ಹುಟ್ಟಲಿಲ್ಲ.

ಇನ್ನು ವೈರಿ. ಕನ್ನಡನಾಡು ಈ ಕಡೆ, ಹೈದರ್ ಆ ಕಡೆ ಅನ್ನೋ ಹಾಗೆ ಚಿತ್ರ ಗೆರೆ ಎಳೆಯುತ್ತೆ. ಹೈದರ್ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ; ಮೈಸೂರಿನ ಸಿಪಾಯಿಯಾಗಿ ಮೊದಲು ಹೆಸರು ಮಾಡಿದ್ದು 1749ರಲ್ಲಿ, ನಮ್ಮ ಜಿಲ್ಲೆಯ ದೇವನಹಳ್ಳಿಯ ಮುತ್ತಿಗೆಯಲ್ಲಿ. ದುರ್ಗದ ಬೇಡ ನಾಯಕ ಮದಕರಿಯ ಸೈನ್ಯದಲ್ಲೂ ಸುಮಾರು 3,000 ಮುಸ್ಲಿಮರಿದ್ದರು, ಹೈದರ್ ಅವರನ್ನು ತನ್ನ ಕಡೆ ಸೆಳೆದುಕೊಂಡ ಎಂದು ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. 1779ರಲ್ಲಿ ಕೋಟೆ ಬಿದ್ದ ಮೇಲೆ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಆ ಸಾಲಿನಲ್ಲಿ ಓಬವ್ವನ ಕೇರಿಯವರೂ ನಡೆದರೇ? ವಿಲ್ಕ್ಸ್‌ನ ಪುಸ್ತಕದಲ್ಲಿ ಓಬವ್ವನೇ ಇಲ್ಲ, ಕೇರಿ ಎಲ್ಲಿಂದ ಬಂದೀತು.

ಇಷ್ಟಾದರೂ ಆ ಹಾಡನ್ನು ಬೈದು ಪಕ್ಕಕ್ಕಿಡೋಕೆ ನನ್ನಿಂದಾಗಲ್ಲ. ಅದಿಲ್ಲದಿದ್ದರೆ ಅಜ್ಜಿಗೆ ಓಬವ್ವನ ಮುಖ ಕಾಣುತ್ತಿರಲಿಲ್ಲ. ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಅಂತ ಘೋಷಿಸಿದ್ದು 2021ರಲ್ಲಿ, ಹಾಡು ಬಂದು ಸುಮಾರು ಅರ್ಧ ಶತಮಾನವಾದ ಮೇಲೆ. ಅಷ್ಟೂ ಕಾಲ ಶಾಲೆಯ ವೇದಿಕೆಗಳಲ್ಲಿ ಓಬವ್ವ ಬದುಕಿದ್ದದ್ದು ಆ ಹಾಡಿನ ಬಲದಿಂದಲೇ.

ನನ್ನ ಶಾಲೆಯಲ್ಲೂ ಅದೇ ಹಾಡಿಗೆ ರಾಜ್ಯೋತ್ಸವದ ನೃತ್ಯ ಇತ್ತು. ಓಬವ್ವನ ಪಾತ್ರ ಕೇಳಿದೆ. ‘ನೀನು ಬೇಡ, ಸೈನಿಕರಲ್ಲಿ ನಿಂತ್ಕೊ’ ಅಂದರು. ಪಾತ್ರ ಊರೊಳಗಿನ ಹುಡುಗಿಗೆ ಹೋಯಿತು. ಆದರೆ ಯಾರ ಮನೆಯಲ್ಲೂ ಒನಕೆ ಇರಲಿಲ್ಲ. ‘ನಿಮ್ಮನೇಲಿ ಇರ್ಬೇಕಲ್ಲ, ತಗೊಂಬಾ’ ಅಂತ ನನಗೇ ಹೇಳಿದರು. ಅಜ್ಜಿಯ ಒನಕೆ ಹೊತ್ತುಕೊಂಡು ಹೋಗಿ ಕೊಟ್ಟೆ. ಅದೇ ಒನಕೆಯಿಂದ ಏಟು ತಿಂದು, ಹೈದರನ ಸಿಪಾಯಿಯಾಗಿ ವೇದಿಕೆ ಮೇಲೆ ಬಿದ್ದುಕೊಂಡೆ.