ಶಾಂತವೇರಿ ಗೋಪಾಲಗೌಡರ ಚುನಾವಣೆಗಳು

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯು 1881ನೆಯ ಇಸವಿಯಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸ್ಥಾಪಿತವಾಯಿತೆಂಬುದೂ, 1907ರಲ್ಲಿ ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತೆಂಬುದೂ ವಾಚಕರಿಗೆ ವಿದಿತವಾದ ಸಂಗತಿಗಳೇ. ಹೆಮ್ಮೆಪಡತಕ್ಕ ಸಂಸ್ಥೆಗಳವು. ಆದರೆ ಅವುಗಳಿಗೆ ಸದಸ್ಯರನ್ನು ಆರಿಸುವ ಅಧಿಕಾರವು ಬಹುಮಟ್ಟಿಗೆ ಕಂದಾಯ ಸಲ್ಲಿಸುವವರ ಮತ್ತು ವಿದ್ಯಾವಂತರ ಕೈಯಲ್ಲಿಯೇ ಇದ್ದಿತು. ಮಲೆನಾಡಿನ ಗದ್ದೆಯಲ್ಲಿ ಕೆಸರು ತುಳಿದು ನಾಟಿ ಮಾಡುತ್ತಿದ್ದ ಗೇಣಿದಾರನು ಸರ್ಕಾರಕ್ಕೆ ಕಂದಾಯ ಕಟ್ಟುವವನಲ್ಲ. ಒಡೆಯನಿಗೆ ಗೇಣಿ ಅಳೆಯುವವನು. ಬತ್ತ ಬೆಳೆದವನು ಅವನಾದರೂ ಲೆಕ್ಕದ ಪುಸ್ತಕದಲ್ಲಿ ಇದ್ದ ಹೆಸರು ಒಡೆಯನದು. ಇಂಥವನ ಕೈಗೆ ಮತಪತ್ರವು ಮೊದಲು ಬಂದುದು 1952ರ ಮಹಾಚುನಾವಣೆಯಲ್ಲಿ. ಅವನು ಅದನ್ನು ಒಡೆಯನ ಇಷ್ಟದಂತೆ ಹಾಕುವನೋ, ತನ್ನ ಇಷ್ಟದಂತೆ ಹಾಕುವನೋ ಎಂಬುದು ಆಗ ಯಾರಿಗೂ ತಿಳಿಯದ ವಿಷಯವಾಗಿದ್ದಿತು. ಶಿವಮೊಗ್ಗ ಜಿಲ್ಲೆಯಲ್ಲಿ ಈ ಪರೀಕ್ಷೆಯು ನಡೆದುದು ಒಬ್ಬ ತರುಣನ ಹೆಸರಿನ ಮೇಲೆ.

ಶಾಂತವೇರಿ ಗೋಪಾಲಗೌಡರು 1923ನೆಯ ಮಾರ್ಚಿ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. 1942ರ ಚಳವಳಿಯಲ್ಲಿ, ವಿದ್ಯಾರ್ಥಿದೆಸೆಯಲ್ಲಿಯೇ, ಕಾರಾಗೃಹವಾಸವನ್ನು ಅನುಭವಿಸಿದರು. ಸ್ವಾತಂತ್ರ್ಯಾನಂತರ ಅನೇಕರು ಅಧಿಕಾರದ ಬಾಗಿಲ ಕಡೆಗೆ ನಡೆದಾಗ ಇವರು ಸಮಾಜವಾದಿ ಪಕ್ಷವನ್ನು ಹಿಡಿದರು.

ಅವರನ್ನು ಜನಕ್ಕೆ ಪರಿಚಯ ಮಾಡಿಕೊಟ್ಟುದು ಕಾಗೋಡು. ಸಾಗರ ತಾಲ್ಲೂಕಿನ ಈ ಸಣ್ಣ ಗ್ರಾಮದಲ್ಲಿ ಜಗಳವು ಹುಟ್ಟಿದುದು ಕೊಳಗದಿಂದ. ಕೊಳಗವೆಂದರೆ ಬತ್ತವನ್ನು ಅಳೆಯುವ ಪಾತ್ರೆ. ಅದಕ್ಕೆ ಸರ್ಕಾರವು ಗೊತ್ತುಮಾಡಿದ ಪ್ರಮಾಣವಿದ್ದಿತು. ಒಡೆಯರು ಗೇಣಿಯನ್ನು ತೆಗೆದುಕೊಳ್ಳುವಾಗ ಬಳಸುತ್ತಿದ್ದ ಕೊಳಗವು ಅದಕ್ಕಿಂತ ದೊಡ್ಡದೆಂಬುದು ಗೇಣಿದಾರರ ದೂರು. ಪಾತ್ರೆಯೊಂದರ ಗಾತ್ರಕ್ಕಾಗಿ ಸತ್ಯಾಗ್ರಹವೇ ಎಂದು ಪಟ್ಟಣದವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ವರ್ಷವೆಲ್ಲ ದುಡಿದವನಿಗೆ ಒಂದೊಂದು ಕೊಳಗಕ್ಕೂ ನಷ್ಟವಾಗುವ ಹಿಡಿಬತ್ತವು ನಗುವ ವಿಷಯವಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘದ ಬಲದಿಂದ 1951ನೆಯ ಏಪ್ರಿಲಿನಲ್ಲಿ, ಬಹುತೇಕ ದೀವರ ಜನಾಂಗದವರಾದ ಗೇಣಿದಾರರು ನೇಗಿಲು ಹೂಡಿ ಗದ್ದೆಗಿಳಿದು ದಸ್ತಗಿರಿಯಾದರು. ಸಮಾಜವಾದಿ ಪಕ್ಷವು ಚಳವಳಿಗೆ ಬೆಂಬಲವಾಗಿ ನಿಂತಿತು. ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರಾದರು. ಜೂನ್ ತಿಂಗಳಿನಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಬಂದು ದಸ್ತಗಿರಿಯಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಕೇಳಿಸಿತು.

ಕೆಲವೇ ತಿಂಗಳುಗಳಲ್ಲಿ ಚುನಾವಣೆ ಬಂದಿತು. ಸಾಗರ-ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿಗೆ ಎದುರಾಗಿ ಗೋಪಾಲಗೌಡರು ನಿಂತರು. ಅವರಿಗೆ ಆಗ 29 ವರ್ಷವೂ ತುಂಬಿರಲಿಲ್ಲ. ಕೈಯಲ್ಲಿ ಹಣವೂ ಇರಲಿಲ್ಲ. “ಒಂದು ಓಟು, ಒಂದು ನೋಟು” ಎಂದು ಅವರು ಮತದಾರರನ್ನು ಬೇಡಿದರು. ಉಮೇದುವಾರನು ಕೊಡುವವನು, ಮತದಾರನು ಪಡೆಯುವವನು ಎಂಬ ನಡವಳಿಕೆಯು ಈಚಿನದಲ್ಲ. ಇಲ್ಲಿ ಅದು ತಿರುಗುಮುರುಗಾಯಿತು. ಬಡವನ ಒಂದು ರೂಪಾಯಿಯು ಪ್ರಚಾರದ ವೆಚ್ಚಕ್ಕೆ ಎಷ್ಟು ಒದಗಿತೋ, ಕೊಟ್ಟವನನ್ನು ಕಾರ್ಯದಲ್ಲಿ ಪಾಲುಗಾರನನ್ನಾಗಿ ಮಾಡುವುದಕ್ಕೆ ಅದಕ್ಕಿಂತ ಹೆಚ್ಚಾಗಿ ಒದಗಿತು. ರೂಪಾಯಿ ಕೊಟ್ಟವನು ಮತವನ್ನು ಬೇರೆಡೆಗೆ ಹಾಕಲಾರನು.

ಆ ಚುನಾವಣೆಯ ಕ್ರಮವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಇಂದಿನವರು ಅದನ್ನು ಕಂಡಿಲ್ಲ. ಪ್ರತಿಯೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ. ಅದರ ಮೇಲೆ ಅವನ ಚಿಹ್ನೆ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳದು ಆಲದ ಮರ. ಮತದಾರನು ಮರೆಯೊಳಗೆ ಹೋಗಿ, ಕಾಗದದಲ್ಲಿ ಏನನ್ನೂ ಗುರುತಿಸದೆ, ತನಗೆ ಬೇಕಾದ ಪೆಟ್ಟಿಗೆಯಲ್ಲಿ ಅದನ್ನು ಹಾಕಿ ಬರುತ್ತಿದ್ದನು. ಅಕ್ಷರ ಬಾರದವನಿಗೂ ಅಡ್ಡಿಯಿರಲಿಲ್ಲ. ಒಡೆಯನ ಕಣ್ಣು ತಲಪದ ಸ್ಥಳವೊಂದು ಗೇಣಿದಾರನಿಗೆ ದೊರೆತಿತ್ತು. ಗೋಪಾಲಗೌಡರು ಗೆದ್ದರು.

99 ಸ್ಥಾನಗಳ ಆ ಶಾಸನಸಭೆಯಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ ಕೇವಲ 3. ಕಂದಾಯ ಸಚಿವರಾಗಿದ್ದವರು ತೀರ್ಥಹಳ್ಳಿಯ ಸೀಮೆಯವರೇ ಆದ ಕಡಿದಾಳ್ ಮಂಜಪ್ಪನವರು. ಸಾಧುಸ್ವಭಾವದವರೆಂದು ಹೆಸರಾದ ಅವರ ಕಾಲದಲ್ಲಿಯೇ 1952ರ ಗೇಣಿ ಕಾನೂನು ಆಯಿತು. ಗೇಣಿಯನ್ನು ಮಿತಿಗೊಳಿಸಿದರೆ ಸಾಲದು, ಉಳುವವನೇ ಹೊಲದೊಡೆಯನಾಗಬೇಕು ಎಂಬುದು ಗೋಪಾಲಗೌಡರ ಪಕ್ಷ. ಒಂದೇ ಮಣ್ಣಿನ ಇಬ್ಬರು ಸತ್ಪುರುಷರು ಒಂದೇ ರೋಗಕ್ಕೆ ಎರಡು ಔಷಧಗಳನ್ನು ಹೇಳುತ್ತಿದ್ದರೆನ್ನಬಹುದು. ರೋಗಿಗೆ ತಾಳ್ಮೆಯು ಎಷ್ಟಿದೆಯೆಂಬುದರಲ್ಲಿ ಮಾತ್ರ ಅವರಿಗೆ ಭೇದವಿದ್ದಿತು. ಈ ವಿಷಯದಲ್ಲಿ ಗೌಡರ ಅಂದಾಜೇ ಸತ್ಯಕ್ಕೆ ಹತ್ತಿರವಾಗಿದ್ದಿತೆಂದು ಮುಂದಿನ ಇತಿಹಾಸವು ತೋರಿಸುತ್ತದೆ.

1957ರಲ್ಲಿ ಅವರು ಸೋತರು. ರಾಜ್ಯವು ವಿಸ್ತಾರವಾಗಿ ಸಭೆಯ ಸ್ಥಾನಗಳು 208 ಆಗಿದ್ದುವು; ಸಮಾಜವಾದಿಗಳು 1955ರ ಅಂತ್ಯದಲ್ಲಿಯೇ ಒಡೆದು ಎರಡಾಗಿದ್ದರು. ಒಮ್ಮೆ ಧೈರ್ಯಮಾಡಿದ ಮತದಾರನು ಪ್ರತಿಸಲವೂ ಮಾಡುವನೆಂದು ಭಾವಿಸುವುದು ಭ್ರಮೆ. ಆದರೆ 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯು ಅವರನ್ನೇ ಆರಿಸಿ ಕಳುಹಿಸಿತು. ಅಷ್ಟರಲ್ಲಿ ಬೇರೆ ಬೇರೆ ಪೆಟ್ಟಿಗೆಗಳ ಕ್ರಮವು ಹೋಗಿ ಮತಪತ್ರದ ಮೇಲೆ ಗುರುತು ಹಾಕುವ ಪದ್ಧತಿಯು ಬಂದಿದ್ದಿತು. ಅವರನ್ನು ಮೊದಲು ಗೆಲ್ಲಿಸಿದ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗದ್ದೆಗಳು 1964ರಲ್ಲಿ ಮುಗಿದ ಲಿಂಗನಮಕ್ಕಿ ಕಟ್ಟೆಯ ನೀರಿನೊಳಗಾದುವು. ಅಲ್ಲಿ ಒಡೆಯನ ಹೆಸರೂ ಗೇಣಿದಾರನ ಹೆಸರೂ ಒಟ್ಟಿಗೆ ಮುಳುಗಿದುವು. ಸಭೆಯಲ್ಲಿ ಗೌಡರು ಭೂಮಿಯ ಜೊತೆಗೆ ಕನ್ನಡದ ಮಾತನ್ನೂ ಬಿಡದೆ ಆಡಿದರು. ರಾಜ್ಯದ ಆಡಳಿತವು ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿರಬೇಕು ಎಂಬುವು ಅವರ ಒತ್ತಾಯಗಳು. ಅವರ ಜೀವನದ ಛಾಯೆಯನ್ನು ಅನಂತಮೂರ್ತಿಯವರ 1978ರ “ಅವಸ್ಥೆ” ಕಾದಂಬರಿಯಲ್ಲಿ ಓದುಗರು ಗುರುತಿಸಿದ್ದಾರೆ. ಆದರೆ ಕಾದಂಬರಿಯನ್ನು ಚರಿತ್ರೆಯೆಂದು ಓದುವುದು ಎರಡಕ್ಕೂ ಅನ್ಯಾಯ.

ದೀರ್ಘಕಾಲದ ಅಸ್ವಾಸ್ಥ್ಯದ ತರುವಾಯ 1972ನೆಯ ಜೂನ್ 9ರಂದು, ತಮ್ಮ 49ನೆಯ ವಯಸ್ಸಿನಲ್ಲಿ, ಗೋಪಾಲಗೌಡರು ದಿವಂಗತರಾದರು. ಆ ವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಸಮಾಜವಾದಿ ಪಕ್ಷದ ಕೋಣಂದೂರು ಲಿಂಗಪ್ಪನವರೂ, ಸಾಗರದಿಂದ ಅದೇ ಪಕ್ಷದ ಕಾಗೋಡು ತಿಮ್ಮಪ್ಪನವರೂ ಆಯ್ಕೆ ಹೊಂದಿದ್ದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾನೂನಿನ ಮೇರೆಗೆ ಗೇಣಿಯ ಭೂಮಿಗಳೆಲ್ಲ 1974ನೆಯ ಮಾರ್ಚಿ 1ರಿಂದ ಸರ್ಕಾರಕ್ಕೆ ಸೇರಿದುವು. ಉಳುವವರು ತಾಲ್ಲೂಕು ಭೂನ್ಯಾಯಮಂಡಲಿಗಳ ಮುಂದೆ ಅರ್ಜಿ ಹಿಡಿದು ಸಾಲುಗಟ್ಟಿ ನಿಂತರು. ಕಾಗೋಡಿನವರೂ ಆ ಸಾಲಿನಲ್ಲಿದ್ದರು.